ಕೇರಾಫ್ 56 ಎಪಿಒ

ಮೈಸೂರು ರೈಲು ನಿಲ್ದಾಣದ ಬೆನ್ನಿಗೇ ಇರುವ ಬಡಾವಣೆ ಯಾದವಗಿರಿ. ಇಲ್ಲಿ ಆಕಾಶವಾಣಿ ಇದೆ, ರಾಮಕೃಷ್ಣ ಆಶ್ರಮ ಇದೆ, ವಿವೇಕಾನಂದ ರಸ್ತೆಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿಕೊಂಡಿದ್ದ, ಈಗ ವಸ್ತುಸಂಗ್ರಹಾಲಯವಾಗಿರುವ ಮನೆ ಇದೆ. ಹೊರಗಿನಿಂದ ಬಂದವರು ನೋಡಿ ಹೋಗುವುದು ಇವಿಷ್ಟನ್ನೇ. ಪಿಂಚಣಿದಾರರ ಊರೆಂದು ಹೆಸರಾದ ಮೈಸೂರಿನ ಹಳಬರಿಗೆ ಮಾತ್ರ ಇಂಥ ಬಡಾವಣೆಗಳಲ್ಲಿ ಇನ್ನೊಂದು ಬಗೆಯ ಮನೆಗಳೂ ಗೊತ್ತು. ಗೇಟಿನ ಕಂಬದ ಕಲ್ಲಿನಲ್ಲಿ ಮೇಜರ್ ಅಂತಲೋ ಕರ್ನಲ್ ಅಂತಲೋ ಕೆತ್ತಿರುತ್ತದೆ, ಹೆಸರು ಮುಗಿದ ಮೇಲೆ ‘ನಿವೃತ್ತ’ ಎಂದಿರುತ್ತದೆ. ‘ಮಿಲಿಟರಿಯವರ ಮನೆ’ ಎಂದರೆ ಬೀದಿಯ ಹಾಲಿನವನಿಗೂ ಪೇಪರ್ ಹುಡುಗನಿಗೂ ತಿಳಿಯುತ್ತದೆ. ಕಲ್ಲಿನಲ್ಲಿ ಹೆಸರಿರುವ ಯಜಮಾನರು ಎಷ್ಟೋ ಮನೆಗಳಲ್ಲಿ ಈಗಿಲ್ಲ. ಮನೆ ನಡೆಸುತ್ತಿರುವುದು ಅವರ ಹೆಂಡತಿ. ಅವರ ಹೆಸರು ಆ ಕಲ್ಲಿನಲ್ಲಿಲ್ಲ.

ಎಂಬತ್ತು ದಾಟಿದ ಈ ಅಜ್ಜಿಯರು ಸುಮ್ಮನೆ ಕೂರುವ ಜನವಲ್ಲ. ಆರೂವರೆಗೆಲ್ಲ ಚೆಲುವಾಂಬ ಪಾರ್ಕಿನಲ್ಲಿ ಒಂದು ಸುತ್ತು ಮುಗಿದಿರುತ್ತದೆ. ಪ್ಲಂಬರ್ ಯಾವತ್ತು ಬರುತ್ತೇನೆಂದಿದ್ದ, ಬರಲಿಲ್ಲ ಎನ್ನುವುದು ಡೈರಿಯಲ್ಲಿ ಬರೆದಿರುತ್ತದೆ. ತಮ್ಮನ ಮಗಳಿಗೆ ಗಂಡು ನೋಡುವುದರಿಂದ ಹಿಡಿದು ಮೊಮ್ಮಗನ ಕಾಲೇಜು ಸೀಟಿನವರೆಗೆ ಕುಟುಂಬದ ಎಲ್ಲ ವ್ಯವಹಾರವೂ ಕೊನೆಗೆ ಬಂದು ನಿಲ್ಲುವುದು ಇವರ ಮುಂದೆ. ತರಕಾರಿಯವಳ ಹತ್ತಿರ ತಮಿಳು, ಸೆಕ್ಯುರಿಟಿಯವನ ಹತ್ತಿರ ಹಿಂದಿ, ಪಕ್ಕದ ಮನೆಯವರ ಹತ್ತಿರ ಇಂಗ್ಲಿಷು, ಸಿಟ್ಟು ಬಂದರೆ ಶುದ್ಧ ಮೈಸೂರು ಕನ್ನಡ. ಇದನ್ನೆಲ್ಲ ನೋಡಿದವರು ‘ಅವರ ಸ್ವಭಾವವೇ ಹಾಗೆ, ಗಟ್ಟಿ ಹೆಂಗಸು’ ಎಂದು ಹೇಳಿ ಮುಗಿಸುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇದು ಹುಟ್ಟುಗುಣವಲ್ಲ, ಕಲಿತದ್ದು. ಇಪ್ಪತ್ತೈದು ಮೂವತ್ತು ವರ್ಷ ಊರಿಂದೂರಿಗೆ ಮನೆ ಕಿತ್ತು ಮನೆ ಹೂಡಿ, ಗಂಡನಿಲ್ಲದ ಹೊತ್ತಿನಲ್ಲಿ ಎರಡು ಪಾಲಿನ ಕೆಲಸ ಮಾಡಿ ಕಲಿತದ್ದು. ಗಂಡಸು ಮಾಡಿದ್ದಕ್ಕೆ ಸೇವೆ ಎಂದು ಹೆಸರಿದೆ, ಪದಕವಿದೆ, ದಾಖಲೆಯಿದೆ. ಹೆಂಗಸು ಮಾಡಿದ್ದಕ್ಕೆ ಸ್ವಭಾವ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದೇವೆ.

ಆ ಕಲಿಕೆ ಶುರುವಾಗುತ್ತಿದ್ದುದು ರೈಲಿನಲ್ಲಿ. ತೊಂಬತ್ತರ ದಶಕದ ಆರಂಭದವರೆಗೂ ಮೈಸೂರಿನಿಂದ ಬೆಂಗಳೂರಿಗೆ ಇದ್ದದ್ದು ಮೀಟರ್ ಗೇಜ್ ಹಳಿ. ಬೆಂಗಳೂರಿನಲ್ಲಿ ಇಳಿದು, ಸಾಮಾನು ಇಳಿಸಿ, ಕೂಲಿಯವನ ಹಿಂದೆ ಮಗುವನ್ನೆತ್ತಿಕೊಂಡು ಓಡಿ, ಬ್ರಾಡ್‌ಗೇಜ್ ಗಾಡಿ ಹಿಡಿಯಬೇಕು. ಅಲ್ಲಿಂದ ಮುಂದೆ ಪಠಾಣ್‌ಕೋಟೋ ಜೋರಹಾಟೋ ಎಂದರೆ ದಿನಗಟ್ಟಲೆ ಪ್ರಯಾಣ. ಮದುವೆಯಾಗುವ ತನಕ ನಂಜನಗೂಡು ಜಾತ್ರೆಗಿಂತ ದೂರ ಹೋಗದ ಹುಡುಗಿಯರು ಹಾಗೆ ಹೊರಟಿದ್ದಾರೆ, ಹಿಂದಿಯ ಒಂದಕ್ಷರ ಗೊತ್ತಿಲ್ಲದೆ.

ಟ್ರಂಕಿನ ಬಗ್ಗೆ ಇಲ್ಲಿ ಹೇಳಲೇಬೇಕು. ಯಾವ ಮಿಲಿಟರಿ ಮನೆಯ ಅಟ್ಟ ಹತ್ತಿದರೂ ಅದು ಸಿಗುತ್ತದೆ: ಕಪ್ಪು ಬಣ್ಣದ ಕಬ್ಬಿಣದ ಟ್ರಂಕು, ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು, ಯುನಿಟ್ಟು. ವರ್ಗವಾದಾಗ ಹಳೆಯದರ ಮೇಲೆ ಕಪ್ಪು ಬಳಿದು ಹೊಸದನ್ನು ಬರೆಯುತ್ತಾರೆ. ಓರೆಯಾಗಿ ಬೆಳಕು ಬಿದ್ದರೆ ಅಡಿಯ ಅಕ್ಷರಗಳು ಉಬ್ಬಿ ಕಾಣುತ್ತವೆ: ಕ್ಯಾಪ್ಟನ್ನಿನ ಅಡಿಯಲ್ಲಿ ಲೆಫ್ಟಿನೆಂಟ್, ಒಂದು ಊರಿನ ಅಡಿಯಲ್ಲಿ ಇನ್ನೊಂದು ಊರು. ಹೊರಗೆ ಅವರ ಹೆಸರು, ಒಳಗೆ ಇವರ ಸಂಸಾರ. ತಳಕ್ಕೆ ರಜಾಯಿ, ಅದರ ಮಡಿಕೆಯಲ್ಲಿ ಪಿಂಗಾಣಿ, ಪಾತ್ರೆಯೊಳಗೆ ಪಾತ್ರೆ, ಸಂದಿಯಲ್ಲಿ ಸ್ವೆಟರು, ಎಲ್ಲಕ್ಕಿಂತ ಮೇಲೆ ಇಳಿದ ಕೂಡಲೇ ಬೇಕಾಗುವ ಸ್ಟೌವು, ಹಾಲಿನ ಪಾತ್ರೆ, ಪುಟ್ಟ ದೇವರ ಪಟ. ಮರದ ಪೆಟ್ಟಿಗೆಗಳಿಗೆ ಹೊಸ ಊರಿನಲ್ಲಿ ಬೇರೆ ಕೆಲಸ. ಎರಡು ಪೆಟ್ಟಿಗೆ ಜೋಡಿಸಿ ಮೇಲೆ ಹಾಸಿಗೆ ಮಡಿಸಿ ಹಾಕಿ ಕಸೂತಿಯ ಬೆಡ್‌ಶೀಟ್ ಹೊದಿಸಿದರೆ ಅದೇ ದಿವಾನ. ಬಂದ ಅತಿಥಿ ಕೂತದ್ದು ಪ್ಯಾಕಿಂಗ್ ಕೇಸಿನ ಮೇಲೆ ಎಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹೀಗೆ ಮನೆ ಹೂಡಿದವರಿಗೆ ಯಾವ ವಸ್ತು ಇರಲೇಬೇಕು, ಯಾವುದನ್ನು ಕೊಟ್ಟುಬಿಡಬಹುದು ಎನ್ನುವ ಲೆಕ್ಕ ಬಹಳ ನಿಖರ.

ಗಂಡನಿಗೆ ವರ್ಗವಾದದ್ದು ಪೀಸ್ ಸ್ಟೇಷನ್ನಿಗೆ, ಅಂದರೆ ಶಾಂತಿಯ ನೆಲೆಗೆ ಆದರೆ ಜೊತೆಯಲ್ಲಿ ಇರಬಹುದು. ಫೀಲ್ಡ್ ಪೋಸ್ಟಿಂಗ್ ಬಂದರೆ ಹೆಂಡತಿ ಮಕ್ಕಳು ಊರಿಗೆ ವಾಪಸ್ಸು. ಮೈಸೂರಿನಂಥ ಊರುಗಳಲ್ಲಿ ಅತ್ತೆ ಮನೆಯಲ್ಲೋ ಬಾಡಿಗೆ ಮನೆಯಲ್ಲೋ ವರ್ಷಗಟ್ಟಲೆ ಒಬ್ಬರೇ ಸಂಸಾರ ತೂಗಿಸಿದವರ ಪಾಲಿಗೆ ಗಂಡ ಎಂದರೆ ಒಂದು ವಿಳಾಸ. ಅದೂ ಊರಿನ ಹೆಸರಿಲ್ಲದ ವಿಳಾಸ: ಯುನಿಟ್ಟಿನ ಹೆಸರು, ಕೇರಾಫ್ 56 ಎಪಿಒ. ಆ ಪತ್ರಗಳೆಲ್ಲ ದೆಹಲಿಯ ಸೇನಾ ಅಂಚೆ ಕೇಂದ್ರಕ್ಕೆ ಹೋಗಿ ಅಲ್ಲಿಂದ ಹಂಚಿಕೆಯಾಗುತ್ತಿದ್ದವು. 99 ಎಪಿಒ ಎಂದಿದ್ದರೆ ಕೋಲ್ಕತ್ತದ ದಾರಿ. ಗಂಡ ಪಶ್ಚಿಮದ ಗಡಿಯ ಕಡೆಗಿದ್ದಾನೋ ಪೂರ್ವದ ಕಡೆಗೋ ಎನ್ನುವುದಷ್ಟೇ ಆ ಎರಡಂಕಿಯಿಂದ ಅಂದಾಜಾಗುತ್ತಿತ್ತು. ಯಾವ ಬೆಟ್ಟ, ಎಷ್ಟು ಚಳಿ, ಏನೂ ಇಲ್ಲ. ಆ ವಿಳಾಸಕ್ಕೇ ಬಟ್ಟೆ ಹೊಲಿದು ಅರಗು ಹಾಕಿದ ಪಾರ್ಸಲ್ಲಿನಲ್ಲಿ ಚಕ್ಕುಲಿ, ಹುರಿಹಿಟ್ಟು, ಚಟ್ನಿಪುಡಿ ಹೋಗುತ್ತಿದ್ದವು. ಇದೇ ಮೈಸೂರಿನ ಸಿದ್ಧಾರ್ಥನಗರದಲ್ಲಿ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. ಎತ್ತರದ ನೆಲೆಗಳಲ್ಲಿ ಕೆಡದೆ ಉಳಿಯುವ ಚಪಾತಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು ಇಂಥವನ್ನು ಸೈನಿಕರಿಗಾಗಿ ರೂಪಿಸಿದ್ದು ಅಲ್ಲಿನ ವಿಜ್ಞಾನಿಗಳು. ಒಂದೇ ಊರಿನಿಂದ ಎರಡು ದಾರಿಯಲ್ಲಿ ಊಟ ಹೋಗಿದೆ. ಪ್ರಯೋಗಾಲಯದ್ದು ವರದಿಗಳಲ್ಲಿ ಇದೆ, ಹೊಲಿದ ಪಾರ್ಸಲ್ಲಿನದು ಎಲ್ಲಿಯೂ ಇಲ್ಲ.

ಯುದ್ಧದ ದಿನಗಳಲ್ಲಿ ಪತ್ರ ನಿಧಾನವಾಗುತ್ತಿತ್ತು. ಆಗ ಇದ್ದದ್ದು ರೇಡಿಯೊ ಒಂದೇ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ಶುರುಮಾಡಿದ ಬಾನುಲಿಯೇ ಮುಂದೆ ಯಾದವಗಿರಿಯ ಆಕಾಶವಾಣಿಯಾಯಿತು ಎನ್ನುವುದನ್ನು ಮೈಸೂರಿನವರು ಹೆಮ್ಮೆಯಿಂದ ಹೇಳುತ್ತಾರೆ. 1962, 1965, 1971ರಲ್ಲಿ ದೆಹಲಿಯಿಂದ ಬರುತ್ತಿದ್ದ ಕನ್ನಡ ವಾರ್ತೆಗೆ ಕಿವಿಗೊಟ್ಟು ಕೂತವರಲ್ಲಿ ಈ ಹೆಂಗಸರ ಕೇಳುವಿಕೆಯೇ ಬೇರೆ. ಬೇರೆಯವರು ಗೆದ್ದೆವೋ ಸೋತೆವೋ ಎಂದು ಕೇಳುತ್ತಿದ್ದರು. ಇವರು ಸ್ಥಳದ ಹೆಸರು ಕೇಳುತ್ತಿದ್ದರು. ಹೆಸರು ಕೇಳಿದ ಮೇಲೆ ಎದ್ದು ಹೋಗಿ ಅಕ್ಕಿ ತೊಳೆಯಬೇಕು, ಮಕ್ಕಳ ಹೋಂವರ್ಕ್ ನೋಡಬೇಕು, ಅತ್ತೆಗೆ ಏನೂ ತೋರಗೊಡದೆ ಇರಬೇಕು.

ಮಕ್ಕಳ ಓದು ಇನ್ನೊಂದು ಪಾಡು. ವರ್ಗವಾಗುವವರ ಮಕ್ಕಳಿಗೆಂದು ದೇಶಾದ್ಯಂತ ಒಂದೇ ಪಠ್ಯದ ಸೆಂಟ್ರಲ್ ಸ್ಕೂಲುಗಳು ಬಂದದ್ದು 1963ರಲ್ಲಿ. ಇಪ್ಪತ್ತು ರೆಜಿಮೆಂಟಲ್ ಶಾಲೆಗಳನ್ನು ತೆಗೆದುಕೊಂಡು ಶುರುವಾದ ಆ ಯೋಜನೆಯೇ ಇವತ್ತಿನ ಕೇಂದ್ರೀಯ ವಿದ್ಯಾಲಯ. ಅದಕ್ಕೆ ಮೊದಲು ಒಂದು ವರ್ಷ ಪಂಜಾಬಿ, ಮರುವರ್ಷ ಮರಾಠಿ, ಅದರ ಮರುವರ್ಷ ಬಂಗಾಳಿ. ಕನ್ನಡ ಉಳಿಸಿದ್ದು ತಾಯಿ. ರಾತ್ರಿ ಸ್ಲೇಟು ಹಿಡಿದು ಕಾಗುಣಿತ ತಿದ್ದಿಸಿದ್ದರಿಂದಲೇ ಎಷ್ಟೋ ಮನೆಗಳ ಮಕ್ಕಳು ಇವತ್ತಿಗೂ ತಮ್ಮ ಅಜ್ಜಿಯ ಊರಿನ ಪತ್ರ ಓದಬಲ್ಲರು.

ಇಂಥ ಬದುಕಿನ ಹಳೆಯ ಕಥೆಯೊಂದು ಕೊಡಗಿನಲ್ಲಿ ಸಿಗುತ್ತದೆ. ಓದಿಗೆ, ಆಸ್ಪತ್ರೆಗೆ, ನಿವೃತ್ತಿಗೆ ಎಂದು ಮೈಸೂರಿಗೆ ಇಳಿದು ಬರುವ ಕೊಡಗಿನ ಸೇನಾ ಕುಟುಂಬಗಳ ಮೂಲಕ ಅದು ನಮ್ಮ ಬೀದಿಗಳ ಕಥೆಯೂ ಹೌದು. ಜನರಲ್ ಕೆ.ಎಸ್. ತಿಮ್ಮಯ್ಯ ಯಾರಿಗೆ ಗೊತ್ತಿಲ್ಲ? 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕು ಏರಿಸಿದವರು, ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿದ್ದವರು, 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರು. ಅವರ ಹೆಂಡತಿ ನೀನಾ ಎಷ್ಟು ಜನಕ್ಕೆ ಗೊತ್ತು?

ನೀನಾ ಮತ್ತು ತಿಮ್ಮಯ್ಯನವರ ಮದುವೆ 1935ರ ಜನವರಿಯಲ್ಲಿ. ಗಂಡನ ಜೊತೆ ಹೋದದ್ದು ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾ ದಂಡುಪ್ರದೇಶಕ್ಕೆ. ಮದುವೆಯಾಗಿ ಆರು ತಿಂಗಳೂ ತುಂಬಿರಲಿಲ್ಲ, ಮೇ 31ರ ನಸುಕಿನಲ್ಲಿ, ಊರೆಲ್ಲ ಮಲಗಿದ್ದಾಗ ಭೂಮಿ ನಡುಗಿತು. ಸತ್ತವರು ಕನಿಷ್ಠ ಮೂವತ್ತು ಸಾವಿರ ಎನ್ನುತ್ತಾರೆ, ಅದರ ಎರಡರಷ್ಟು ಎನ್ನುವ ಅಂದಾಜೂ ಇದೆ. ಊರೇ ಕುಸಿದಿತ್ತು. ದಂಡುಪ್ರದೇಶ ಬಹುಮಟ್ಟಿಗೆ ಉಳಿದಿದ್ದರಿಂದ ಪರಿಹಾರದ ಹೊರೆಯೆಲ್ಲ ಸೈನ್ಯದ ಮೇಲೆ ಬಿತ್ತು. ಆಗ ತಾನೇ ಅಲ್ಲಿಗೆ ಬಂದಿದ್ದ ಮದುಮಗಳು ಆ ಕೆಲಸಕ್ಕೆ ಇಳಿದರು. ಅದಕ್ಕಾಗಿ ಅವರಿಗೆ ಕೈಸರ್-ಇ-ಹಿಂದ್ ಪದಕ ಬಂತು. 1900ರಲ್ಲಿ ಸ್ಥಾಪನೆಯಾದ, ಸಾರ್ವಜನಿಕ ಸೇವೆಗೆ ಕೊಡುತ್ತಿದ್ದ ಪದಕ ಅದು. ಗಾಂಧೀಜಿಗೆ 1915ರಲ್ಲಿ ಬಂದಿತ್ತು, 1920ರಲ್ಲಿ ಅವರು ಅದನ್ನು ವಾಪಸು ಮಾಡಿದರು. ತಿಮ್ಮಯ್ಯನವರ ಎದೆಯ ಮೇಲೆ ಮುಂದೆ ಎಷ್ಟೋ ಪದಕಗಳು ಬಂದವು. ಆ ಸಂಸಾರದೊಳಕ್ಕೆ ಹೆಂಡತಿಯ ಪದಕ ಬಹಳ ಮೊದಲೇ ಬಂದಿತ್ತು ಎನ್ನುವುದನ್ನು ನಾವು ಹೇಳಿಕೊಳ್ಳುವುದೇ ಇಲ್ಲ.

ಇನ್ನೂ ಒಂದು ಸಂಗತಿ ಇದೆ. ಅತ್ತೆಗೂ ಅದೇ ಪದಕ ಸಿಕ್ಕಿತ್ತು. ತಿಮ್ಮಯ್ಯನವರ ತಾಯಿ, ಚೆಪ್ಪುಡೀರ ಮನೆತನದ ಸೀತಮ್ಮ, ಆ ಕಾಲಕ್ಕೆ ಚೆನ್ನಾಗಿ ಓದಿಕೊಂಡಿದ್ದವರು, ಸಮಾಜಸೇವೆಗೆ ಹೆಸರಾದವರು. ಕೊಡಂದೇರ ಮನೆಯ ಆರು ಮಕ್ಕಳ ತಾಯಿ. ಮೂವರು ಗಂಡು ಮಕ್ಕಳೂ ಸೈನ್ಯದಲ್ಲಿ ಅಧಿಕಾರಿಗಳಾದರು. ಹಿರಿಯ ಮಗ ಪೊನ್ನಪ್ಪ ಮುಂದೆ ಸುಭಾಷರ ಆಜಾದ್ ಹಿಂದ್ ಫೌಜು ಸೇರಿದರು. ಎರಡನೆಯ ಮಗ ತಿಮ್ಮಯ್ಯ ಅದೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಕರಾವಳಿಯಲ್ಲಿ ಬ್ರಿಟಿಷ್ ಭಾರತೀಯ ಸೇನೆಯ ಪರ ಹೋರಾಡಿ ಡಿಎಸ್ಒ ಪದಕ ಪಡೆದರು. ಕಿರಿಯ ಮಗ ಸೋಮಯ್ಯ 1947-48ರ ಕಾಶ್ಮೀರ ಕಾರ್ಯಾಚರಣೆಯಲ್ಲಿ ನೆಲಬಾಂಬಿಗೆ ಸಿಕ್ಕಿ ತೀರಿಕೊಂಡರು. ಒಂದು ಮನೆಯೊಳಗೆ ಎರಡು ಸೈನ್ಯ, ಒಂದು ಸಾವು. ಇತಿಹಾಸದ ಪುಸ್ತಕಗಳು ಆಜಾದ್ ಹಿಂದ್ ಫೌಜಿನ ಪ್ರಶ್ನೆಯನ್ನು ರಾಜಕೀಯವಾಗಿ ಚರ್ಚಿಸುತ್ತವೆ. ಆ ಪ್ರಶ್ನೆ ಒಂದು ಮನೆಯ ಊಟದ ಪಂಕ್ತಿಯಲ್ಲಿ ಹೇಗೆ ಕಂಡಿರಬಹುದು ಎಂದು ಯೋಚಿಸಿದರೆ ಎದೆ ಭಾರವಾಗುತ್ತದೆ. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ತಿಮ್ಮಯ್ಯನವರ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು. ಹುಣಸೂರು ದಾರಿಯಾಗಿ ಮಡಿಕೇರಿಗೆ ಹೋಗುವವರು ಅಲ್ಲಿ ಇಳಿದಾಗ ಈ ಅತ್ತೆ ಸೊಸೆಯರನ್ನೂ ನೆನೆಯಬೇಕು. ಜನರಲ್ಲನ್ನು ಬೆಳೆಸಿದ ಮನೆ ಅದು. ಬೆಳೆಸಿದ ಕೈ ಸೀತಮ್ಮನವರದು.

ನೀನಾ ಒಬ್ಬರೇ ಮುಂದಾಗಿ ಮಾಡಿದ್ದು ಆಮೇಲೆ ಒಂದು ಪದ್ಧತಿಯಾಯಿತು. 1966ರ ಆಗಸ್ಟ್ 23ರಂದು ಸೇನಾ ಪತ್ನಿಯರ ಕಲ್ಯಾಣ ಸಂಘ ನೋಂದಣಿಯಾಯಿತು. ‘ಆವಾ’ ಎಂದೇ ಎಲ್ಲರೂ ಕರೆಯುವುದು. ವಿಶೇಷ ಮಕ್ಕಳಿಗಾಗಿ ಅದು ನಡೆಸುವ ಆಶಾ ಶಾಲೆಗಳು ನಿಜಕ್ಕೂ ದೊಡ್ಡ ಕೆಲಸ. ಪ್ರತಿ ಯುನಿಟ್ಟಿನಲ್ಲೂ ಕಮಾಂಡಿಂಗ್ ಆಫೀಸರರ ಹೆಂಡತಿಯೇ ಕುಟುಂಬಗಳ ಯೋಗಕ್ಷೇಮದ ಮುಖ್ಯಸ್ಥೆ. ಯುನಿಟ್ಟು ಫೀಲ್ಡಿಗೆ ಹೋದಾಗ ಹಿಂದೆ ಉಳಿದ ನೂರಾರು ಕುಟುಂಬಗಳ ಕಡೆ ಕಣ್ಣಿಡುವುದು, ಮಿಲಿಟರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಜವಾನನ ಹೆಂಡತಿಯ ಪಕ್ಕ ಕೂರುವುದು, ದುಡ್ಡು ಕಳಿಸದ ಗಂಡನ ದೂರು ಕೇಳುವುದು, ಕೆಟ್ಟ ಸುದ್ದಿ ಬಂದ ದಿನ ಮೊದಲು ಆ ಮನೆ ಬಾಗಿಲಿಗೆ ಹೋಗುವುದು, ಎಲ್ಲವೂ ಇವರ ಪಾಲಿಗೆ. ಕೆಟ್ಟ ಸುದ್ದಿ ಹೊತ್ತು ಇನ್ನೊಬ್ಬಳ ಬಾಗಿಲು ತಟ್ಟುವ ಹೆಂಗಸಿಗೆ ತನ್ನ ಬಾಗಿಲನ್ನೂ ನಾಳೆ ಯಾರಾದರೂ ತಟ್ಟಬಹುದೆಂದು ಗೊತ್ತಿರುತ್ತದೆ. ಇದಕ್ಕೆ ಸಂಬಳವಿಲ್ಲ. ‘ಇಷ್ಟವಿಲ್ಲ, ನನಗೆ ನನ್ನದೇ ಉದ್ಯೋಗವಿದೆ’ ಎನ್ನುವುದು ಸುಲಭವೂ ಅಲ್ಲ. ಡಾಕ್ಟರು, ಲೆಕ್ಚರರು ಆಗಬೇಕಿದ್ದವರು ಎಷ್ಟು ಜನ ಎರಡೆರಡು ವರ್ಷಕ್ಕೆ ಊರು ಬದಲಾಗುತ್ತಾ ಕೆಲಸ ಬಿಟ್ಟರೋ! ಹೆಂಗಸರಿಗೆ ಹೆಂಗಸರು ಆಸರೆಯಾಗುವುದು ಬೇರೆ, ಗಂಡನ ಹುದ್ದೆಯ ಜೊತೆಗೆ ಹೆಂಡತಿಯ ದುಡಿಮೆಯೂ ಉಚಿತವಾಗಿ ಸಿಗುತ್ತದೆ ಎಂದು ಒಂದು ವ್ಯವಸ್ಥೆ ಲೆಕ್ಕ ಹಾಕುವುದು ಬೇರೆ. ಎರಡನೆಯದು ಅನ್ಯಾಯ ಎಂದು ನಾನು ಹೇಳುತ್ತೇನೆ.

ಯಾದವಗಿರಿಯ ಬಂಗಲೆಯಿಂದ ನೋಡಿದರೆ ಕಾಣುವುದು ಅರ್ಧ ಚಿತ್ರ ಮಾತ್ರ. ಅಧಿಕಾರಿಯ ಹೆಂಡತಿ ಕಷ್ಟವೋ ಸುಖವೋ ಗಂಡನ ಜೊತೆ ದೇಶ ನೋಡಿದವರು. ಜವಾನನ ಹೆಂಡತಿಗೆ ಅಷ್ಟೂ ಇಲ್ಲ. ಕುಟುಂಬದ ಕ್ವಾರ್ಟರ್ಸ್ ಸಿಗುವುದು ಇಡೀ ಸರ್ವಿಸಿನಲ್ಲಿ ಕೆಲವೇ ವರ್ಷ. ಉಳಿದ ಕಾಲವೆಲ್ಲ ಅವಳಿಗೆ ಊರಿನಲ್ಲಿ ಅತ್ತೆ ಮಾವನ ಜೊತೆ ಹೊಲ, ದನ, ಮಕ್ಕಳು, ವರ್ಷಕ್ಕೊಮ್ಮೆ ಲೀವಿನಲ್ಲಿ ಬರುವ ಗಂಡ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ನೆಲೆಯ ಮೇಲೆ ಹಿಮ ಕುಸಿದಾಗ ಅದರಡಿ ಸಿಲುಕಿದ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿಯಲ್ಲಿ ಮೂವರು ಕರ್ನಾಟಕದವರು. ಅವರಲ್ಲೊಬ್ಬರು ನಮ್ಮ ಎಚ್.ಡಿ. ಕೋಟೆ ತಾಲೂಕಿನ ಮಹೇಶ್. ಇನ್ನೊಬ್ಬರು ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ. ಆರು ದಿನ ಹಿಮದಡಿ ಇದ್ದೂ ಜೀವಂತ ಸಿಕ್ಕಿದರು ಎಂಬ ಸುದ್ದಿ ಬಂದಾಗ ನಾಡೆಲ್ಲ ಹರಕೆ ಹೊತ್ತಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆ ವಾರ ಟಿವಿ ಪರದೆಯ ಮೇಲೆಲ್ಲ ಅವರ ಎಳೆಯ ಹೆಂಡತಿ, ಪುಟ್ಟ ಮಗು. ಮುಂದಿನ ವಾರ ಕ್ಯಾಮೆರಾಗಳು ಬೇರೆ ಕಡೆ ಹೋದವು. ಆದರೆ ಒಬ್ಬ ಹೆಣ್ಣುಮಗಳ ಉದ್ದನೆಯ ಬದುಕು ನಿಜವಾಗಿ ಶುರುವಾಗುವುದು ಆ ಮುಂದಿನ ವಾರದಿಂದಲೇ.

ಆ ಉದ್ದನೆಯ ಬದುಕು ಎಂದರೆ ಏನು ಎನ್ನುವುದಕ್ಕೆ ನನಗೆ ಮೊದಲು ನೆನಪಾಗುವುದು ಸುಂದರಿ ದೇವಯ್ಯ. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಆದಂಪುರದಿಂದ ಪಾಕಿಸ್ತಾನದ ಸರಗೋಧಾದ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರದು ಮೀಸಲು ಸ್ಥಾನ. ಇನ್ನೊಂದು ವಿಮಾನ ಹಿಂದಕ್ಕೆ ಬಂದದ್ದರಿಂದ ಅವರು ಸೇರಿಕೊಂಡರು. ವಾಪಸು ಬರಲಿಲ್ಲ. ‘ಕಾಣೆಯಾಗಿದ್ದಾರೆ’ ಎಂದು ದಾಖಲಾಯಿತು. ಏನಾಯಿತು ಎನ್ನುವುದು ಹೊರಬಿದ್ದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಲೇಖಕ ಪಾಕಿಸ್ತಾನದ ಕಡೆಯ ವಿವರಗಳನ್ನು ಸೇರಿಸಿ ಬರೆದ ಪುಸ್ತಕದಿಂದ. ತಮ್ಮ ವಿಮಾನಕ್ಕಿಂತ ಸುಮಾರು ಎರಡು ಪಟ್ಟು ವೇಗದ, ಹೊಸ ಕಾಲದ ಸ್ಟಾರ್‌ಫೈಟರ್ ಒಂದನ್ನು ದೇವಯ್ಯ ಎದುರಿಸಿ ಕೆಡವಿದ್ದರು. ಅದರ ಪೈಲಟ್ ಪ್ಯಾರಾಚೂಟಿನಲ್ಲಿ ಪಾರಾದ, ದೇವಯ್ಯ ಪಾರಾಗಲಿಲ್ಲ. ಅಂದಿನ ದಾಳಿಯ ನಾಯಕತ್ವ ವಹಿಸಿದ್ದ ಓ.ಪಿ. ತನೇಜಾ ಪಟ್ಟು ಹಿಡಿದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಅದನ್ನು ಸ್ವೀಕರಿಸಿದವರು ಸುಂದರಿ. ಮಧ್ಯೆ ಹೋದದ್ದು ಇಪ್ಪತ್ತಮೂರು ವರ್ಷ. ಇಬ್ಬರು ಹೆಣ್ಣು ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು. ಈಚೆಗೆ ಈ ಘಟನೆಯ ಪ್ರೇರಣೆಯಿಂದ ಹಿಂದಿಯಲ್ಲಿ ‘ಸ್ಕೈ ಫೋರ್ಸ್’ ಸಿನಿಮಾ ಬಂತು, ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ. ಆಕಾಶದಲ್ಲಿ ನಡೆದ ಕೆಲವೇ ನಿಮಿಷದ ಕಾಳಗವನ್ನು ಎಲ್ಲರೂ ಬಣ್ಣಿಸುತ್ತಾರೆ. ನೆಲದ ಮೇಲೆ ‘ಕಾಣೆಯಾಗಿದ್ದಾರೆ’ ಎನ್ನುವ ಒಂದು ಪದದ ಜೊತೆ ವರ್ಷಗಟ್ಟಲೆ ಮನೆ ನಡೆಸಿದ ಧೈರ್ಯಕ್ಕೆ ಯಾವ ಚಕ್ರವೂ ಇಲ್ಲ.

ಈಚಿನ ತಲೆಮಾರಿಗೆ ಸುಭಾಷಿಣಿ ವಸಂತ್ ಹೆಚ್ಚು ಪರಿಚಿತರು. ಮರಾಠಾ ಲಘು ಪದಾತಿದಳದ ಕರ್ನಲ್ ವಸಂತ್ ವೇಣುಗೋಪಾಲ್ 2007ರ ಜುಲೈ 31ರಂದು ಉರಿ ವಲಯದಲ್ಲಿ ವೀರಮರಣ ಹೊಂದಿದರು. ಮರುವರ್ಷದ ಗಣರಾಜ್ಯೋತ್ಸವದಲ್ಲಿ ಅಶೋಕ ಚಕ್ರ ಪಡೆಯಲು ವೇದಿಕೆ ಹತ್ತಿದವರು ಸುಭಾಷಿಣಿ. ಭರತನಾಟ್ಯ ಕಲಾವಿದೆಯಾದ ಅವರು ವಸಂತರತ್ನ ಪ್ರತಿಷ್ಠಾನ ಕಟ್ಟಿ, ಹುತಾತ್ಮ ಸೈನಿಕರ ಹೆಂಡಿರನ್ನೂ ಮಕ್ಕಳನ್ನೂ ಒಂದೆಡೆ ಸೇರಿಸುವ ಕೆಲಸಕ್ಕೆ ಇಳಿದರು. ಹಳ್ಳಿಯ ಚಿಕ್ಕ ವಯಸ್ಸಿನ ವಿಧವೆಗೆ ಬ್ಯಾಂಕಿನಲ್ಲಿ ಮಾತಾಡುವ ಧೈರ್ಯ ಕೊಡುವುದು, ಪರಿಹಾರದ ದುಡ್ಡಿನ ಮೇಲೆ ಕಣ್ಣಿಟ್ಟ ನೆಂಟರ ಮುಂದೆ ನಿಲ್ಲುವ ಬಲ ಕೊಡುವುದು ಸಣ್ಣ ಕೆಲಸವಲ್ಲ. ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದಿಂದ ಕನ್ನಡಿಗರ ಮನೆಮಾತಾದ ರುಕ್ಮಿಣಿ ವಸಂತ್ ಇವರ ಮಗಳು.

ಆ ನೆಂಟರ ವಿಷಯ ಬಂದಾಗ ಒಂದು ಹಳೆಯ ನಿಯಮವನ್ನೂ ಹೇಳಬೇಕು. ಶೌರ್ಯ ಪದಕ ಪಡೆದವರ ವಿಧವೆಗೆ ಬರುವ ಭತ್ಯೆ ಅವಳು ಮರುಮದುವೆಯಾದರೆ ನಿಂತುಹೋಗುತ್ತಿತ್ತು. 1995ರಲ್ಲಿ ಸಡಿಲಿಸಿದ್ದೂ ಒಂದು ಷರತ್ತಿನ ಮೇಲೆ: ಮದುವೆಯಾಗುವವನು ಸತ್ತ ಗಂಡನ ಅಣ್ಣನೋ ತಮ್ಮನೋ ಆಗಿರಬೇಕು! ಆ ಷರತ್ತನ್ನು ಸರ್ಕಾರ ತೆಗೆದುಹಾಕಿದ್ದು 2017ರ ನವೆಂಬರಿನಲ್ಲಿ. ಇಪ್ಪತ್ತೆರಡು ವರ್ಷ ಆ ಸಾಲು ಕಾಗದದ ಮೇಲಿತ್ತು ಎನ್ನುವುದು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ದೇಶಕ್ಕೆ ಪ್ರಾಣ ಕೊಟ್ಟವನ ಹೆಂಡತಿಯನ್ನು ಮನೆತನದ ಆಸ್ತಿ ಎಂದುಕೊಂಡವರು ಬರೆದ ಸಾಲು ಅದು.

ಸೈನ್ಯದ ಕಾಗದಪತ್ರಗಳಲ್ಲಿ ಹೆಂಡತಿಯ ಹೆಸರು ಬರುವ ಜಾಗ ಬಹಳ ಕಡಿಮೆ. ಮದುವೆಯಾದಾಗ, ಮಗು ಹುಟ್ಟಿದಾಗ ಯುನಿಟ್ಟಿನವರು ‘ಪಾರ್ಟ್ ಟು ಆರ್ಡರ್’ ಹೊರಡಿಸುತ್ತಾರೆ. ಅದು ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಗೆ ಹೋಗುತ್ತದೆ. ಮರಾಠಾ ಲಘು ಪದಾತಿದಳದವರಾದರೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿನವರಾದರೆ ವೆಲಿಂಗ್ಟನ್. ನಿವೃತ್ತಿಯಾಗುವಾಗ ಅದೇ ಹೆಸರು ಪೆನ್ಷನ್ ಆದೇಶಕ್ಕೆ, ಅಂದರೆ ಪಿಪಿಒಗೆ ಇಳಿಯುತ್ತದೆ. ತೊಂದರೆ ಹುಟ್ಟುವುದು ಇಲ್ಲೇ. ತವರಿನಲ್ಲಿ ಪುಟ್ಟತಾಯಮ್ಮ, ಗಂಡನ ಮನೆಯಲ್ಲಿ ಲಕ್ಷ್ಮಮ್ಮ, ಉತ್ತರದ ಗುಮಾಸ್ತ ಕೇಳಿಸಿಕೊಂಡು ಬರೆದದ್ದು ಲಕ್ಷ್ಮೀ ದೇವಿ. ಗಂಡ ಇರುವ ತನಕ ಯಾರೂ ಅದನ್ನು ತೆಗೆದು ನೋಡುವುದಿಲ್ಲ. ಅವನು ಹೋದ ಮೇಲೆ ಆಧಾರಿನಲ್ಲಿ ಒಂದು, ಪಿಪಿಒದಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಎಪ್ಪತ್ತೈದರ ಹೆಂಗಸು ಅಫಿಡವಿಟ್ಟು ಹಿಡಿದು, ತಾನು ತಾನೇ ಎಂದು ಸಾಬೀತು ಮಾಡುತ್ತಾ ಅಲೆಯಬೇಕು.

ಹುಟ್ಟಿದ ದಿನಾಂಕದ್ದೂ ಇದೇ ಕಥೆ. ಕುಟುಂಬ ಪಿಂಚಣಿ ಪಡೆಯುವವರಿಗೆ ಎಂಬತ್ತು ತುಂಬಿದರೆ ಶೇ 20, ಎಂಬತ್ತೈದಕ್ಕೆ ಶೇ 30, ತೊಂಬತ್ತಕ್ಕೆ ಶೇ 40, ತೊಂಬತ್ತೈದಕ್ಕೆ ಶೇ 50 ಹೆಚ್ಚುವರಿ ಸಿಗುತ್ತದೆ. ನೂರು ತುಂಬಿದವರಿಗೆ ಮೂಲ ಪಿಂಚಣಿಯಷ್ಟೇ ಇನ್ನೊಂದು ಪಾಲು. ದೀರ್ಘಾಯುಷ್ಯಕ್ಕೆ ಸರ್ಕಾರ ಕೊಡುವ ಮರ್ಯಾದೆ ಇದು, ಒಳ್ಳೆಯ ನಿಯಮ. ಆದರೆ ಹಳೆಯ ಪಿಪಿಒಗಳಲ್ಲಿ ಎಷ್ಟೋ ಕಡೆ ಹೆಂಡತಿಯ ಹುಟ್ಟಿದ ದಿನಾಂಕವೇ ಇಲ್ಲ. ಜನನ ಪತ್ರವಿಲ್ಲದ, ಶಾಲೆಯ ಟಿ.ಸಿ. ಇಲ್ಲದ ತಲೆಮಾರು ಅದು. ‘ಮಹಾಮಳೆ ಬಂದ ವರ್ಷ ಹುಟ್ಟಿದ್ದು’ ಎಂದರೆ ಕಂಪ್ಯೂಟರು ಒಪ್ಪುವುದಿಲ್ಲ. ವಯಸ್ಸು ತೊಂಬತ್ತಾದರೂ ದಾಖಲೆ ಸರಿಯಿಲ್ಲದ್ದಕ್ಕೆ ಆ ಪಾಲು ಬಿಟ್ಟುಕೊಟ್ಟವರಿದ್ದಾರೆ. ಈಗ ಪಿಂಚಣಿಯೆಲ್ಲ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ನವೆಂಬರಿನಲ್ಲಿ ಕೊಡಬೇಕಾದ ಜೀವಂತ ಪ್ರಮಾಣಪತ್ರವನ್ನು ಎಂಬತ್ತು ದಾಟಿದವರು ಅಕ್ಟೋಬರಿನಿಂದಲೇ ಕೊಡಬಹುದು, ಬೆರಳಚ್ಚಿನಿಂದಲೂ ಮುಖದ ಗುರುತಿನಿಂದಲೂ ಕೊಡಬಹುದು. ಜೀವಮಾನವೆಲ್ಲ ಪಾತ್ರೆ ಉಜ್ಜಿ ಸವೆದ ಬೆರಳನ್ನು ಯಂತ್ರ ಹಿಡಿಯದೆ ಇದ್ದಾಗ ಮುಖದ ಗುರುತು ನೆರವಾಗುತ್ತದೆ. ಮನೆಯ ಮಕ್ಕಳು ಇದನ್ನೊಂದು ತಿಳಿದುಕೊಂಡರೆ ಸಾಕು, ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಬ್ಯಾಂಕಿಗೆ ಅಲೆಯಬೇಕಾಗಿಲ್ಲ.

ಮುಂದಿನ ತಲೆಮಾರಿಗೆ ಇಷ್ಟೂ ಇರುತ್ತದೆಯೇ ಎನ್ನುವುದು ನನ್ನ ಚಿಂತೆ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರು ನಾಲ್ಕು ವರ್ಷಕ್ಕೆ ಹೊರಬರುತ್ತಾರೆ, ಕಾಯಂ ಆಗುವುದು ನೂರಕ್ಕೆ ಇಪ್ಪತ್ತೈದು. ಹೊರಬಂದವರಿಗೆ ಪಿಂಚಣಿ ಇಲ್ಲ. ಸೇವೆಯಲ್ಲಿದ್ದಾಗ ಮಡಿದರೆ ವಿಮೆಯ ದುಡ್ಡೂ ಪರಿಹಾರವೂ ಒಟ್ಟಾಗಿ ಬರುತ್ತವೆ, ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಇಲ್ಲ. ಒಟ್ಟಿಗೆ ಬಂದ ದೊಡ್ಡ ಮೊತ್ತ ಹಳ್ಳಿಯ ವಿಧವೆಯ ಕೈಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂದು ಇಂಥ ಮನೆಗಳನ್ನು ಕಂಡವರನ್ನು ಕೇಳಿ. ತಿಂಗಳ ಮೊದಲ ವಾರ ತನ್ನ ಹೆಸರಿಗೇ ಬರುವ ಪಿಂಚಣಿ ಎನ್ನುವುದು ಎಂಬತ್ತರ ಹೆಂಗಸಿಗೆ ಬರೀ ದುಡ್ಡಲ್ಲ. ಮಕ್ಕಳ ಮುಂದೆ ಕೈಯೊಡ್ಡದೆ, ಮೊಮ್ಮಕ್ಕಳಿಗೆ ಕೈಯಿಂದ ಕೊಟ್ಟು, ಕುಟುಂಬದ ಮಾತುಕತೆಯಲ್ಲಿ ತನ್ನ ಮಾತನ್ನು ಕೊನೆಯ ಮಾತಾಗಿ ಉಳಿಸಿಕೊಂಡಿರುವುದರ ಹಿಂದೆ ಅದೂ ಇದೆ.

ಮಿಲಿಟರಿ ಮನೆಯ ಅಜ್ಜಿ ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಈ ಭಾನುವಾರ ಹೋಗಿ ಕೂತು ಕೇಳಿ. ಅವರ ಯಜಮಾನರ ಯುದ್ಧದ ಕಥೆಯನ್ನಲ್ಲ, ಅದು ರೆಜಿಮೆಂಟಿನ ಇತಿಹಾಸದಲ್ಲಿದೆ. ಮೊದಲ ಸಲ ಹೊರಟಾಗ ಯಾವ ಗಾಡಿ, ಟ್ರಂಕಿನಲ್ಲಿ ಏನೇನು ಇತ್ತು ಎಂದು ಕೇಳಿ. ಮೊದಲ ಹೆರಿಗೆ ಯಾವ ಊರಿನಲ್ಲಿ ಆಯಿತು, ಪಕ್ಕದಲ್ಲಿ ಯಾರಿದ್ದರು, ಅವರು ಯಾವ ಭಾಷೆ ಆಡುತ್ತಿದ್ದರು? 1971ರ ಡಿಸೆಂಬರಿನಲ್ಲಿ ಎಲ್ಲಿದ್ದರು, ಟೆಲಿಗ್ರಾಂ ಹುಡುಗ ಬೀದಿಗೆ ಬಂದಾಗ ಏನು ಮಾಡಿದರು? ಬಿಟ್ಟ ಕೆಲಸ ಯಾವುದು, ಅರ್ಧಕ್ಕೆ ನಿಂತ ಓದು ಯಾವುದು? ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಏಳುವ ಮೊದಲು ಅವರ ಪಿಪಿಒ ತೆಗೆಸಿ ಹೆಸರೂ ಹುಟ್ಟಿದ ದಿನಾಂಕವೂ ಆಧಾರಿನ ಜೊತೆ ತಾಳೆಯಾಗುತ್ತವೆಯೇ ನೋಡಿ. ಆಗದಿದ್ದರೆ ಸೋಮವಾರವೇ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ.